ಬಂದಾಗ ಆರತಿ ಎತ್ತಿದ್ರು, ಹೋದಾಗ ಯಾರೂ ಕೇಳಲಿಲ್ಲ

ಐವತ್ತು ದಾಟಿದ ಮೇಲೆ ಒಳಗೊಂದು ಸಂಕಟ ಬಂದು ಕೂತ್ಕೊಳ್ಳುತ್ತಲ್ಲ, ಅದನ್ನ ಯಾರ ಹತ್ರ ಹೇಳ್ಕೊಂಡ್ರೂ ಸಿಗೋದು ಎರಡೇ ಉತ್ತರ. ಹಿರಿಯರಾದ್ರೆ "ವಯಸ್ಸಾದ ಮೇಲೆ ಇದೆಲ್ಲಾ ಇದ್ದಿದ್ದೇ ಕಣಮ್ಮ, ದೇವರ ಧ್ಯಾನ ಮಾಡು" ಅಂತಾರೆ. ಓರಗೆಯವರು, ಕಿರಿಯರು ಆದ್ರೆ "ಅಯ್ಯೋ, ಏಜ್ ಈಸ್ ಜಸ್ಟ್ ಎ ನಂಬರ್, ನೀವಿನ್ನೂ ಯಂಗಾಗೇ ಇದ್ದೀರ" ಅಂತಾರೆ. ಇಬ್ಬರೂ ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ, ಆದ್ರೆ ಇಬ್ಬರ ಮಾತೂ ಕೇಳಿ ಮುಗಿದ ಮೇಲೆ ನಾವು ಹೇಳ್ಬೇಕಾಗಿದ್ದು ಹಾಗೇ ಒಳಗೇ ಉಳಿದುಬಿಡುತ್ತೆ. ಒಬ್ಬರ ಪ್ರಕಾರ ದುಃಖ ಪಡೋದು ಸರಿಯಲ್ಲ, ಇನ್ನೊಬ್ಬರ ಪ್ರಕಾರ ದುಃಖ ಪಡೋಕೆ ಕಾರಣಾನೇ ಇಲ್ಲ. ನನಗೀಗ 54. ನಾನು ಹೇಳೋಕೆ ಹೊರಟಿರೋದು ಇಷ್ಟೇ: ವಯಸ್ಸಾಗೋದ್ರಲ್ಲಿ ನಿಜವಾದ ನಷ್ಟ ಇದೆ, ಆ ನಷ್ಟಕ್ಕೆ ಅಳೋಕೆ ಒಂದು ಜಾಗ ಬೇಕು, ಆ ಜಾಗ ನಮ್ಮ ಮನೆಗಳಲ್ಲಿ ಇಲ್ಲ.

ನಾನಿರೋದು ಮೈಸೂರಲ್ಲಿ, ಹೈಸ್ಕೂಲ್ ಬಯಾಲಜಿ ಟೀಚರ್. ಪಿಂಚಣಿದಾರರ ಸ್ವರ್ಗ ಅಂತ ಈ ಊರಿಗೆ ಮೊದಲಿಂದ ಹೆಸರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋದ್ರೆ ರಿಟೈರ್ ಆದವರದ್ದೇ ಒಂದು ಲೋಕ, ಮಂಕಿ ಕ್ಯಾಪು, ಸ್ವೆಟರು, ಕ್ಯಾನ್ವಾಸ್ ಶೂ. ಅವರ ಮಾತು ಕಿವಿಗೆ ಬೀಳುತ್ತಿರುತ್ತೆ. ಶುಗರ್ ಎಷ್ಟು, ಬಿಪಿಗೆ ಯಾವ ಮಾತ್ರೆ, ಮಂಡಿ ಆಪರೇಷನ್ ಯಾರು ಚೆನ್ನಾಗಿ ಮಾಡ್ತಾರೆ, ಕ್ರಿಯಾಟಿನಿನ್ ಜಾಸ್ತಿ ಆಗಿದ್ರೆ ಟೊಮ್ಯಾಟೊ ತಿನ್ನಬಹುದಾ. ದೇಹದ ಬಗ್ಗೆ ಇಷ್ಟು ಬಿಚ್ಚಿ ಮಾತಾಡೋ ಜನ ಮನಸ್ಸಿನ ವಿಷಯಕ್ಕೆ ಬಂದ್ರೆ "ಎಲ್ಲಾ ಆರಾಮು" ಅಂತ ಮುಗಿಸಿಬಿಡ್ತಾರೆ. ನಾನು ವರ್ಷಗಟ್ಟಲೆ ಅಲ್ಲಿ ನಡೆದಿದ್ದೀನಿ, "ಮಗಳು ಫೋನ್ ಮಾಡೋದು ಕಮ್ಮಿ ಆಯ್ತು, ಸಂಜೆ ಹೊತ್ತು ಎದೆ ಹಿಂಡಿದ ಹಾಗಾಗುತ್ತೆ" ಅಂತ ಯಾರೂ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಆ ಸಂಕಟ ಅವರಿಗೆ ಇಲ್ಲ ಅಂತಲ್ಲ. ಹೇಳೋ ರೂಢಿ ಇಲ್ಲ.

ನನ್ನದು ಶುರುವಾಗಿದ್ದು ಕಣ್ಣಿಂದ. ಚಾಳೀಸು ಬಂತು. ಕಣ್ಣೊಳಗಿನ ಮಸೂರ ವರ್ಷ ಕಳೀತಾ ಬಿಗಿಯಾಗುತ್ತೆ, ಹತ್ತಿರದ್ದನ್ನ ನೋಡೋಕೆ ಅದು ಉಬ್ಬಬೇಕು, ಉಬ್ಬೋಕೆ ಆಗಲ್ಲ, ಅದಕ್ಕೆ ಪುಸ್ತಕಾನ ದೂರ ದೂರ ಹಿಡೀತೀವಿ, ಇದನ್ನ ನಾನೇ ಮಕ್ಕಳಿಗೆ ಬೋರ್ಡ್ ಮೇಲೆ ಚಿತ್ರ ಬರೆದು ಹೇಳ್ಕೊಟ್ಟಿದ್ದೀನಿ. ಆದ್ರೂ ನನಗೇ ಬಂದಾಗ ಆಪ್ಟಿಕಲ್ಸ್ ಅಂಗಡೀಲಿ ಕೂತು ಆ ಸಣ್ಣಕ್ಷರದ ಕಾರ್ಡ್ ಕೈಯಲ್ಲಿ ಹಿಡ್ಕೊಂಡಾಗ ಗಂಟಲು ಕಟ್ಟಿತು. ಒಂದು ಕನ್ನಡಕಕ್ಕೆ ಯಾರಾದ್ರೂ ಅಳ್ತಾರಾ ಅಂತ ನೀವು ಕೇಳಬಹುದು. ಕನ್ನಡಕಕ್ಕಲ್ಲ ಅದು. ಇಲ್ಲಿವರೆಗೂ ದೇಹ ಕೆಟ್ಟರೆ ರಿಪೇರಿ ಆಗೋದು. ಜ್ವರ ಬಂದ್ರೆ ಬಿಡೋದು, ಗಾಯ ಆದ್ರೆ ಮಾಯೋದು. ಮೊದಲನೇ ಸಲ ಒಂದು ವಿಷಯ ಹೋದ್ರೆ ಹೋಯ್ತು, ವಾಪಸ್ ಬರಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಆ ಕುರ್ಚಿ ಮೇಲೆ.

ಆಮೇಲೆ ಮುಟ್ಟು ನಿಲ್ಲೋ ಕಾಲ ಬಂತು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಯಾರೂ ಬರೆಯಲ್ಲ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದೇ ಇದ್ರೆ ನಿಂತಿದೆ ಅಂತ ಲೆಕ್ಕ, ನಮ್ಮ ದೇಶದ ಹೆಂಗಸರಿಗೆ ಸರಾಸರಿ 46, 47ರ ಸುಮಾರಿಗೆ ಆಗುತ್ತೆ, ಪಶ್ಚಿಮದ ದೇಶಗಳಲ್ಲಿ 51ರ ಹತ್ತಿರ. ಆದ್ರೆ ನಿಲ್ಲೋದಕ್ಕೆ ಮುಂಚೆ ಕೆಲವು ವರ್ಷ ಅದು ಆಡೋ ಆಟ ಇದೆಯಲ್ಲ, ಅದು ಕಷ್ಟ. ಒಂದು ತಿಂಗಳು ಬರಲ್ಲ, ಮುಂದಿನ ತಿಂಗಳು ಎರಡು ಸಲ. ಕ್ಲಾಸ್ ಮಾಡ್ತಿರೋವಾಗ ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಮುಖಕ್ಕೆ ಏರಿ, ರವಿಕೆ ಒದ್ದೆ ಆಗೋವಷ್ಟು ಬೆವರು. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ಕಡಿಮೆ ಆದಾಗ ಮಿದುಳಲ್ಲಿರೋ ಹೈಪೋಥಲಾಮಸ್, ಅಂದ್ರೆ ಮೈ ಉಷ್ಣಾಂಶ ನೋಡ್ಕೊಳ್ಳೋ ಭಾಗ, ಸಣ್ಣ ಏರುಪೇರನ್ನೂ ಸಹಿಸಲ್ಲ, ಸ್ವಲ್ಪ ಬಿಸಿ ಆದ್ರೂ ಬೆವರಿಸಿಬಿಡುತ್ತೆ. ರಾತ್ರಿ ಎರಡು, ಮೂರು ಗಂಟೆಗೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ನಿದ್ದೆ ಇಲ್ಲದೇ ಇರೋಳಿಗೆ ಹಗಲು ಹೇಗಿರುತ್ತೆ ಹೇಳಿ. ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಯಜಮಾನರು ಅಂದಿದ್ದಕ್ಕೆ ಅಡುಗೆಮನೆ ಬಾಗಿಲು ಹಾಕ್ಕೊಂಡು ಅತ್ತಿದ್ದೀನಿ. ಸ್ಟಾಫ್ ರೂಮಲ್ಲಿ ಎಲ್ಲರೂ ನಗ್ತಿರೋವಾಗ ಎಲ್ಲೋ ದೂರದಿಂದ ನೋಡ್ತಿದ್ದೀನಿ ಅನ್ನಿಸ್ತಿತ್ತು.

ನಾನು ಬಯಾಲಜಿ ಹೇಳ್ಕೊಡೋಳು, ಈ ಹಾರ್ಮೋನುಗಳ ಹೆಸರು ನನಗೆ ಬಾಯಿಪಾಠ. ಆದ್ರೆ ವರ್ಷವರ್ಷ ಮಾಡಿದ ಪಾಠದಲ್ಲೂ ಋತುಚಕ್ರ ಶುರುವಾಗೋದರ ವಿವರ ಉದ್ದಕ್ಕೆ ಇರುತ್ತೆ, ನಿಲ್ಲೋದು ಒಂದೆರಡು ಸಾಲಲ್ಲಿ ಮುಗಿದುಹೋಗುತ್ತೆ. ಪುಸ್ತಕ ಮಾತ್ರ ಅಲ್ಲ, ಊರೂ ಹಾಗೇ. ನಾನು ದೊಡ್ಡೋಳಾದಾಗ ಕೆ.ಆರ್. ನಗರದ ಹತ್ರ ನಮ್ಮಜ್ಜಿ ಊರಲ್ಲಿ ಒಸಗೆ ಮಾಡಿದ್ರು. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿದ್ದು, ಹೆಂಗಸರೆಲ್ಲಾ ಸೇರಿ ಸೋಬಾನೆ ಹೇಳ್ತಾ ಆರತಿ ಎತ್ತಿದ್ದು, ಹುರಿದ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ, ತಂಬಿಟ್ಟು ಮಾಡಿ, ಕೊಬ್ಬರಿ ಬೆಲ್ಲದ ಜೊತೆ ದಿನಾ ತಿನ್ನಿಸಿದ್ದು, ಸೊಂಟ ಗಟ್ಟಿ ಆಗಬೇಕು ಅಂತ. ಆ ಶಾಸ್ತ್ರದಲ್ಲಿ ಹೊರಗೆ ಕೂರಿಸೋದು, ಮುಟ್ಟಬೇಡ ತಟ್ಟಬೇಡ ಅನ್ನೋದು, ಊರಿಗೆಲ್ಲಾ ಗೊತ್ತಾದ ನಾಚಿಕೆ, ಎಲ್ಲಾ ಇತ್ತು, ಅದು ವಾಪಸ್ ಬರಲಿ ಅಂತ ನಾನು ಹೇಳ್ತಿಲ್ಲ. ಆದ್ರೆ ಒಂದು ಮಾತು ನಿಜ, ನನ್ನ ಮೈಯಲ್ಲಿ ದೊಡ್ಡದೊಂದು ಬದಲಾವಣೆ ಆಯ್ತು ಅಂತ ಇಡೀ ಮನೆ ಒಪ್ಪಿಕೊಂಡಿತ್ತು. ಅಷ್ಟು ವರ್ಷ ತಿಂಗಳು ತಿಂಗಳು ಬಂದಿದ್ದು ನಿಂತುಹೋದಾಗ ನಮ್ಮನೇಲಿ ಯಾರಿಗೂ ಗೊತ್ತೇ ಆಗಲಿಲ್ಲ. ಬೀರುವಲ್ಲಿ ಉಳಿದಿದ್ದ ಪ್ಯಾಡಿನ ಪ್ಯಾಕೆಟ್ ಮಗಳ ರೂಮಿಗೆ ಇಟ್ಟೆ, ಅಷ್ಟೇ ಆ ವಿಷಯ.

"ಒಳ್ಳೇದೇ ಆಯ್ತಲ್ಲ, ಕಾಟ ತಪ್ತು" ಅಂದ್ರು ನಮ್ಮ ಅತ್ತಿಗೆ. ಹೌದು, ತಪ್ತು. ಹೊಟ್ಟೆನೋವು ತಪ್ತು, ಹಬ್ಬದ ದಿನ ಲೆಕ್ಕ ಹಾಕೋದು ತಪ್ತು. ಆದ್ರೂ ಇನ್ನು ಮಗು ಆಗಲ್ಲ ಅನ್ನೋದು ಎದೆಗೆ ತಾಗಿತು. ಮಗು ಬೇಕಾಗಿರಲಿಲ್ಲ ನನಗೆ, ಇಬ್ಬರಿದ್ದಾರೆ, ಇಬ್ಬರೂ ಬೆಳೆದು ಮನೆ ಬಿಟ್ಟಾಗಿದೆ. ಬೇಡದೇ ಇದ್ದಿದ್ದು ಹೋದ್ರೂ ನೋವಾಗುತ್ತೆ ಅಂತ ಯಾರು ಹೇಳ್ತಾರೆ ನಮಗೆ. ಆಗಬಹುದಿತ್ತು, ಆಗಲ್ಲ, ಈ ಎರಡರ ಮಧ್ಯೆ ಒಂದು ಬಾಗಿಲು ಮುಚ್ಚಿತು. ಬಾಗಿಲು ಮುಚ್ಚೋ ಸದ್ದು ನನಗೊಬ್ಬಳಿಗೇ ಕೇಳಿಸಿತು ಅನ್ನೋದೇ ಆವಾಗ ತಡೆಯೋಕಾಗದ ಒಂಟಿತನ ಆಗಿತ್ತು.

ಗಂಡಸರಿಗಾದ್ರೂ ಒಂದು ಶಾಸ್ತ್ರ ಇದೆ. ಅರವತ್ತು ತುಂಬಿದ್ರೆ ಷಷ್ಟ್ಯಬ್ದಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ನೋಡಿದ ಮೇಲೆ ಸಹಸ್ರಚಂದ್ರದರ್ಶನ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ ಒಂದು ಸುತ್ತು ಬಂದು, ಹುಟ್ಟಿದ ವರ್ಷದ ಹೆಸರೇ ಮತ್ತೆ ಬಂತು ಅಂತ ಅರವತ್ತರ ಶಾಂತಿ ಮಾಡೋದು. ಹೆಂಡತಿ ಪಕ್ಕದಲ್ಲಿ ಕೂತಿರ್ತಾಳೆ, ಅವಳ ಕೊರಳಿಗೂ ಮತ್ತೆ ತಾಳಿ ಬೀಳುತ್ತೆ, ಆದ್ರೆ ಲೆಕ್ಕ ಅವನ ವಯಸ್ಸಿಂದು. ನಾನು ಇದನ್ನ ಜಗಳ ಮಾಡೋಕೆ ಹೇಳ್ತಿಲ್ಲ. ನಮ್ಮ ಹಿರಿಯರಿಗೆ ವಯಸ್ಸು ಒಂದೊಂದು ಮೆಟ್ಟಿಲು ಏರಿದಾಗ ನಿಂತು, ನಾಲ್ಕು ಜನರನ್ನ ಕರೆದು, ಕಲಶದ ನೀರು ತಲೆ ಮೇಲೆ ಸುರಿಸಿಕೊಂಡು ಮುಂದೆ ಹೋಗಬೇಕು ಅನ್ನೋ ತಿಳುವಳಿಕೆ ಇತ್ತು. ಆ ತಿಳುವಳಿಕೆ ದೊಡ್ಡದು. ಅದನ್ನ ಇನ್ನೂ ಸ್ವಲ್ಪ ಅಗಲ ಮಾಡ್ಕೋಬೇಕು ಅನ್ನೋದು ನನ್ನ ಆಸೆ.

ನಮ್ಮ ನಾಲ್ಕು ಜನ ಸ್ನೇಹಿತೆಯರ ಒಂದು ಗುಂಪಿದೆ, ಬಿ.ಎಡ್. ಮಾಡೋವಾಗಿಂದ. ಒಂದು ಭಾನುವಾರ ಅವರಲ್ಲೊಬ್ಬಳ ಮನೇಲಿ ಸೇರಿದ್ದಾಗ ನಾನು ಈ ಒಸಗೆ ವಿಷಯ ಎತ್ತಿದೆ, ಆವತ್ತು ಯಾಕೋ ಬಾಯಿಗೆ ಬಂತು. ಅಷ್ಟೇ ಸಾಕಾಯ್ತು. ಒಬ್ಬಳು ಗರ್ಭಕೋಶ ತೆಗೆಸಿಕೊಂಡು ವರ್ಷಗಳಾಗಿದ್ದವು, ಆಪರೇಷನ್ ಆದ ಮೇಲೆ ಯಾರೂ ಅವಳನ್ನ ಮನಸ್ಸಿಗೆ ಹೇಗಿದೆ ಅಂತ ಕೇಳಿರಲಿಲ್ಲವಂತೆ, ಹೊಲಿಗೆ ಮಾಯ್ತಾ ಅಂತ ಕೇಳಿದ್ದೇ ಎಲ್ಲರೂ. ಇನ್ನೊಬ್ಬಳಿಗೆ ಮಕ್ಕಳಾಗಿರಲಿಲ್ಲ, ಅವಳು ಮುಟ್ಟು ನಿಂತ ವರ್ಷ ಪೂರ್ತಿ ದೇವಸ್ಥಾನಕ್ಕೆ ಹೋಗೋದನ್ನೇ ಬಿಟ್ಟಿದ್ದಳು, ಆ ವಿಷಯ ನಮಗೆ ಇಷ್ಟು ವರ್ಷ ಗೊತ್ತಿರಲಿಲ್ಲ, ಇಷ್ಟು ಹತ್ತಿರ ಇದ್ದೂ. ಮುಂದಿನ ಸಲ ಸೇರಿದಾಗ ಅವಳೇ ಡಬ್ಬಿ ತುಂಬಾ ಚಿಗಳಿ ಮಾಡ್ಕೊಂಡು ಬಂದಿದ್ದಳು. ಯಾರೂ ಏನೂ ಶಾಸ್ತ್ರ ಮಾಡಲಿಲ್ಲ, ಹಾಡಲಿಲ್ಲ. ಒಬ್ಬರಿಗೊಬ್ಬರು ಚಿಗಳಿ ಕೊಟ್ಟು ತಿಂದ್ವಿ, ಅತ್ವಿ, ಮಧ್ಯಾಹ್ನ ಊಟ ಮಾಡಿ ಹಾಲಲ್ಲೇ ಚಾಪೆ ಹಾಸಿ ಮಲಗಿದ್ವಿ. ಆವತ್ತು ರಾತ್ರಿ ನನಗೆ ಬಂದ ನಿದ್ದೆ ಬಹಳ ಕಾಲದಿಂದ ಬಂದಿರಲಿಲ್ಲ.

ಇದನ್ನ ಓದಿ ನಗು, ಅಳು, ಸ್ನೇಹ ಇದ್ರೆ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳ್ತಿದ್ದೀನಿ ಅಂದ್ಕೋಬೇಡಿ. ಡಾಕ್ಟರ್ ಹತ್ರ ಹೋಗಲೇಬೇಕಾದ ವಿಷಯ ಇದೆ. ಮುಟ್ಟು ನಿಲ್ಲೋ ಆಸುಪಾಸಿನ ವರ್ಷಗಳಲ್ಲಿ ಡಿಪ್ರೆಶನ್ ಬರೋ ಸಾಧ್ಯತೆ ಹೆಚ್ಚು, ಇದು ಗೊತ್ತಿರೋ ವಿಷಯ. ಅದೇ ವಯಸ್ಸಲ್ಲಿ ಥೈರಾಯ್ಡ್ ಕಡಿಮೆ ಆಗೋದೂ ಹೆಂಗಸರಲ್ಲಿ ತುಂಬಾ ಸಾಮಾನ್ಯ, ಸಸ್ಯಾಹಾರಿಗಳಿಗೆ ಬಿ12 ಕಡಿಮೆ ಆಗುತ್ತೆ, ಎರಡರಲ್ಲೂ ಸುಸ್ತು, ಮಂಕು, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದೇ ಇರೋದು, ಎಲ್ಲಾ ಇರುತ್ತೆ. ನನ್ನ ಬಿ12 ತೀರಾ ಕೆಳಗಿತ್ತು, ಇಂಜೆಕ್ಷನ್ ತಗೊಂಡ ಮೇಲೆ ಮಂಕು ಅರ್ಧ ಹೋಯ್ತು. ಉಳಿದರ್ಧ ನಿಜವಾದ ದುಃಖ. ಇವೆರಡನ್ನ ಬೇರೆ ಬೇರೆ ಮಾಡ್ಕೊಳ್ಳೋದು ತುಂಬಾ ಮುಖ್ಯ ಅಂತ ನನಗನ್ನಿಸುತ್ತೆ, ಕಾಯಿಲೆಗೆ ವೇದಾಂತ ಹೇಳಬಾರದು, ದುಃಖಕ್ಕೆ ಬರೀ ಮಾತ್ರೆ ಕೊಟ್ಟು ಕಳಿಸಬಾರದು. ಎರಡು ವಾರದ ಮೇಲೂ ದಿನಾ ಅಳು ಬರ್ತಿದ್ರೆ, ಬದುಕೇ ಬೇಡ ಅನ್ನಿಸ್ತಿದ್ರೆ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ ಇದೆ, 14416, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾಗಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ಅರವತ್ತು ದಾಟಿದವರಿಗೆ ಎಲ್ಡರ್‌ಲೈನ್ ಬೇರೆ ಇದೆ, 14567. ಇವೆರಡು ನಂಬರನ್ನ ಅಪ್ಪ ಅಮ್ಮನ ಫೋನಲ್ಲಿ ಸೇವ್ ಮಾಡಿಕೊಡಿ, ನಿಮ್ಮದ್ರಲ್ಲೂ ಇಟ್ಕೊಳ್ಳಿ.

ಕನ್ನಡಿ ವಿಷಯಕ್ಕೆ ಬರ್ತೀನಿ. ಸೀರೆ ಅಂಗಡೀಲಿ ನಾನು ಕೇಳೋದಕ್ಕೆ ಮುಂಚೇನೇ "ನಿಮಗೆ ಲೈಟ್ ಕಲರ್ ತೋರಿಸ್ತೀನಿ ಮೇಡಂ" ಅಂತ ಕಂದು, ಬೂದಿ ಬಣ್ಣ ತೆಗೆದು ಹಾಕೋಕೆ ಶುರು ಮಾಡಿದ್ರು. ನನಗಿಷ್ಟ ರಾಣಿ ಪಿಂಕು, ಗಿಣಿ ಹಸಿರು. ಬಸ್ಸಲ್ಲಿ ಹುಡುಗರು ಎದ್ದು ಸೀಟ್ ಬಿಡ್ತಾರೆ, ಅದು ಗೌರವ, ಖುಷಿಯಿಂದ ಕೂತ್ಕೋತೀನಿ, ಆದ್ರೆ ಯಾರೂ ತಿರುಗಿ ನೋಡದೇ ಇರೋ ವಯಸ್ಸಿಗೆ ಬಂದೆ ಅನ್ನೋದು ಹೆಣ್ಣಿಗೆ ಗೊತ್ತಾಗೋ ಒಂದು ಕ್ಷಣ ಇರುತ್ತೆ, ಅದನ್ನ ಬಾಯಿಬಿಟ್ಟು ಹೇಳಿದ್ರೆ ಈ ವಯಸ್ಸಲ್ಲಿ ಇವಳಿಗೇನು ಬಂತು ಅಂತಾರೆ. ಚೆನ್ನಾಗಿ ಕಾಣಬೇಕು ಅನ್ನೋ ಆಸೆ ಐವತ್ತಕ್ಕೆ ಸಾಯಲ್ಲ, ಸಾಯಬೇಕಾಗೂ ಇಲ್ಲ. ಕೂದಲಿಗೆ ಬಣ್ಣ ಬಿಟ್ಟುಬಿಡಿ, ಅದೇ ಸ್ವಾತಂತ್ರ್ಯ ಅಂತ ಈಗ ಬಹಳ ಜನ ಬರೀತಾರೆ. ಬಿಟ್ಟವರನ್ನ ನೋಡಿದ್ರೆ ನನಗೆ ಮೆಚ್ಚುಗೆ ಇದೆ. ನಾನು ಹಚ್ಕೋತೀನಿ. ಬಿಳಿ ಕೂದಲು ಬಿಡೋದು ಧೈರ್ಯ, ಬಣ್ಣ ಹಚ್ಚೋದು ಹೇಡಿತನ ಅಂತ ಇನ್ನೊಂದು ಪರೀಕ್ಷೆ ಹೆಂಗಸರಿಗೆ ಇಡೋದು ಬೇಡ, ಇಟ್ಟಿರೋವೇ ಸಾಕು.

ಆಮೇಲೆ ಸಾಧನೆ ಮಾಡಿದವರ ಉದಾಹರಣೆಗಳು. ನಾನು ಒಂದ್ಸಲ ಬೇಜಾರಲ್ಲಿ "ಪಿಎಚ್‌ಡಿ ಮಾಡಬೇಕು ಅಂತಿದ್ದೆ, ಇನ್ನೇನು ಆಗಲ್ಲ ಬಿಡಿ" ಅಂದಿದ್ದಕ್ಕೆ ಹಿರಿಯರೊಬ್ಬರು "ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೋಕೆ ಶುರು ಮಾಡಿದಾಗ ಅವರಿಗೆ ಐವತ್ತು" ಅಂದ್ರು. ನಿಜಾನೇ, 1911ರಲ್ಲಿ ಕೆಲಸ ಶುರುವಾದಾಗ ಸರ್ ಎಂ.ವಿ.ಗೆ ಐವತ್ತರ ಆಸುಪಾಸು, ಮುಂಬೈ ಸರ್ಕಾರದ ಕೆಲಸ ಬಿಟ್ಟು ಬಂದ ಮೇಲೇನೇ ನಮ್ಮ ಸಂಸ್ಥಾನಕ್ಕೆ ಅವರು ಮಾಡಿದ್ದೆಲ್ಲಾ, ನೂರು ದಾಟಿ ಬದುಕಿದ್ರು. ಮಂಡ್ಯ ಮೈಸೂರಿನ ನಮಗೆ ಅವರ ಫೋಟೋ ದೇವರ ಫೋಟೋ ಪಕ್ಕ ಇರೋದು. ಆದ್ರೆ ನನಗೆ ಆ ಹೊತ್ತಿಗೆ ಬೇಕಾಗಿದ್ದು ಅಣೆಕಟ್ಟಿನ ಉದಾಹರಣೆ ಅಲ್ಲ. ಮೂವತ್ತೈದರಲ್ಲಿ ಗೈಡ್ ಸಿಕ್ಕಿದ್ರು, ಮಗನಿಗೆ ಆಗ ಆಸ್ತಮಾ, ಮಾವನವರಿಗೆ ಪಾರ್ಶ್ವವಾಯು, ಅರ್ಜಿ ಹಾಕೋಕೆ ಆಗಲಿಲ್ಲ. ಆ ಹುಡುಗಿಗೆ, ಮೂವತ್ತೈದರ ನನಗೆ, ಅಯ್ಯೋ ಪಾಪ ಅಂತ ಯಾರಾದ್ರೂ ಹೇಳಬೇಕಿತ್ತು ಅಷ್ಟೇ. ಈಗ ಬೇಕಾದ್ರೆ ಮಾಡಬಹುದು ಅನ್ನೋದು ಉತ್ತರ ಅಲ್ಲ, ಯಾಕಂದ್ರೆ ಈಗ ನನಗೆ ಅದು ಬೇಡ. ಬೇಕಾಗಿದ್ದಾಗ ಸಿಗಲಿಲ್ಲ ಅನ್ನೋದಕ್ಕೆ ಅತ್ತು ಮುಗಿಸಬೇಕಾಗಿತ್ತು. ಮುಗಿಸಿದೆ. ಆಮೇಲೆ ಆ ಕನಸು ನನ್ನನ್ನ ಕಾಡೋದು ನಿಲ್ಲಿಸಿತು.

ನಮ್ಮ ತಲೆಮಾರಿಗೆ ಇನ್ನೊಂದು ಕಷ್ಟ ಇದೆ, ಮುಂದೆ ನಡೆದು ದಾರಿ ತೋರಿಸಿದವರು ಕಮ್ಮಿ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ಸರಾಸರಿ ಆಯುಷ್ಯ 32ರ ಹತ್ತಿರ ಇತ್ತು, ಈಗ 70ರ ಸುಮಾರು. ಎಳೇ ಮಕ್ಕಳು ಸಾಯ್ತಿದ್ದಿದ್ದು ಜಾಸ್ತಿ, ಅದಕ್ಕೇ ಆ ಸರಾಸರಿ ಅಷ್ಟು ಕೆಳಗಿತ್ತು, ಐವತ್ತು ಮುಟ್ಟಿದವರು ಮುಂದಕ್ಕೂ ಬದುಕ್ತಿದ್ರು, ಅದನ್ನೂ ಹೇಳಬೇಕು. ಆದ್ರೂ ನಮ್ಮಜ್ಜಿ ಐವತ್ತಕ್ಕೆ ಮುಂಚೇನೇ ಅಜ್ಜಿ ಆಗಿದ್ರು, ಮನೆ ತುಂಬಾ ಜನ, ಎತ್ಕೊಳ್ಳೋಕೆ ಮೊಮ್ಮಕ್ಕಳು, ಬೈಯೋಕೆ ಸೊಸೆಯರು, ಮುಪ್ಪಿಗೆ ಒಂದು ಸ್ಥಾನ ಇತ್ತು. ನಾನು ಐವತ್ತನಾಲ್ಕಕ್ಕೆ ಅಜ್ಜಿ ಅಲ್ಲ, ಎಳೆಯೋಳೂ ಅಲ್ಲ, ಮಕ್ಕಳಲ್ಲೊಬ್ಬರು ಬೆಂಗಳೂರು, ಒಬ್ಬರು ದೇಶದಾಚೆ, ಮನೇಲಿ ಅಮ್ಮ ಇದ್ದಾರೆ, 82, ನನ್ನನ್ನ ಇವತ್ತಿಗೂ "ಮಗಾ, ಊಟ ಆಯ್ತಾ" ಅಂತ ಕೇಳ್ತಾರೆ, ಅದೇ ಪ್ರಶ್ನೆ ಕಾಲು ಗಂಟೆ ಬಿಟ್ಟು ಮತ್ತೆ ಕೇಳ್ತಾರೆ, ಮತ್ತೆ ಕೇಳ್ತಾರೆ. ಮರೆವಿನ ಕಾಯಿಲೆ. ಅಮ್ಮನಿಗೆ ತಲೆ ಬಾಚ್ತಾ ಇರೋವಾಗ ನನಗೆ ಮುಂದಿನ ಮೂವತ್ತು ವರ್ಷ ಕಾಣಿಸುತ್ತೆ. ಯಾರದಾದ್ರೂ ಹೆಸರು ತಕ್ಷಣ ನೆನಪಿಗೆ ಬರದಿದ್ರೆ ಹೊಟ್ಟೆಯೊಳಗೆ ತಣ್ಣಗಾಗುತ್ತೆ. ಇದಕ್ಕೆ ನನ್ನ ಹತ್ರ ಯಾವ ಸಮಾಧಾನವೂ ಇಲ್ಲ, ಸುಮ್ಮನೆ ಬರೀತಾ ಇದ್ದೀನಿ, ಇದೇ ಭಯ ಇರೋ ಇನ್ನೊಬ್ಬರು ಓದಿದ್ರೆ ಅವರೊಬ್ಬರೇ ಅಲ್ಲ ಅಂತ ಗೊತ್ತಾಗಲಿ.

ಈ ವಿಷಯದ ಮೇಲೆ ಸಂಶೋಧಕರು ಏನು ಹೇಳಿದ್ದಾರೆ ಅಂತ ಓದಿದ್ದೀನಿ, ಮೇಷ್ಟ್ರ ಬುದ್ಧಿ, ಓದದೇ ಇರೋಕಾಗಲ್ಲ. ಮಿಡ್‌ಲೈಫ್ ಕ್ರೈಸಿಸ್ ಅಂತೀವಲ್ಲ, ಆ ಮಾತನ್ನ ಚಾಲ್ತಿಗೆ ತಂದಿದ್ದು ಎಲಿಯಟ್ ಜಾಕ್ಸ್ ಅನ್ನೋ ಮನೋವಿಶ್ಲೇಷಕ, 1965ರಲ್ಲಿ. ಕೆಂಪು ಕಾರು ತಗೊಳ್ಳೋದು, ಹೊಸ ಹೇರ್‌ಸ್ಟೈಲ್ ಮಾಡಿಸೋದು ಅಂತ ಆಮೇಲೆ ಅದು ಹಗುರ ಆಗೋಯ್ತು, ಅವರು ಬರೆದಿದ್ದು ಸಾವಿನ ಬಗ್ಗೆ. ಸಾವು ಅನ್ನೋದು ಎಲ್ಲೋ ಯಾರಿಗೋ ಬರೋದಲ್ಲ, ನನಗೂ ಬರುತ್ತೆ ಅಂತ ಮನುಷ್ಯನಿಗೆ ಒಳಗೆ ಅರಿವಾಗೋ ಘಟ್ಟ ಇದು ಅಂತ. ಇದು ನನಗೆ ತುಂಬಾ ಹತ್ತಿರ ಅನ್ನಿಸಿತು. ನಮ್ಮ ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೊದಲು ಮಕ್ಕಳ ಮದುವೆ ಇನ್ವಿಟೇಶನ್ ಬರ್ತಿತ್ತು, ಈಗ ಅದರ ಮಧ್ಯೆ ಓಂ ಶಾಂತಿಗಳೂ ಬರೋಕೆ ಶುರುವಾಗಿವೆ. ಹಿಂದಿನ ಬೆಂಚಲ್ಲಿ ಕೂತು ನನ್ನ ಜಡೆ ಎಳೀತಿದ್ದ ಹುಡುಗ ಹಾರ್ಟ್ ಅಟ್ಯಾಕಲ್ಲಿ ಹೋದ. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ರು, ಅದಾಗಿ ಒಂದು ಗಂಟೆಗೆ ಯಾರೋ ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿದ್ರು. ನಾನು ಆ ದಿನ ಫೋನ್ ಎತ್ತಿ ನಾಲ್ಕೈದು ಜನಕ್ಕೆ ಕಾಲ್ ಮಾಡಿದೆ. ಒಬ್ಬೊಬ್ಬರೂ "ನೀನು ಮಾಡಿದ್ದು ಒಳ್ಳೇದಾಯ್ತು, ಬೆಳಗ್ಗಿಂದ ಒಂಥರಾ ಆಗ್ತಿತ್ತು" ಅಂದ್ರು. ಸಂದೇಶದಲ್ಲಿ ಬರೋಕಾಗದೇ ಇರೋದು ಧ್ವನಿಯಲ್ಲಿ ಬರುತ್ತೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಅವರ ಕೆಲಸ ನನಗೆ ಇನ್ನೂ ಇಷ್ಟ. ಮುಂದೆ ಇರೋ ಕಾಲ ಕಮ್ಮಿ ಅಂತ ಅನ್ನಿಸಿದಾಗ ಮನುಷ್ಯ ತನ್ನ ಸಂಬಂಧಗಳನ್ನ ಆರಿಸಿಕೊಳ್ಳೋಕೆ ಶುರು ಮಾಡ್ತಾನೆ, ಪರಿಚಯದವರು ಕಮ್ಮಿ ಆಗ್ತಾರೆ, ಮನಸ್ಸಿಗೆ ಹತ್ತಿರ ಇರೋರು ಉಳೀತಾರೆ, ಅದಕ್ಕೇ ವಯಸ್ಸಾದವರು ಒಂಟಿ ಆಗ್ತಾ ಹೋಗೋ ಹಾಗೆ ಹೊರಗಿಂದ ಕಂಡ್ರೂ ಒಳಗೆ ಎಷ್ಟೋ ಸಲ ಎಳೆಯರಿಗಿಂತ ನೆಮ್ಮದಿಯಾಗಿರ್ತಾರೆ ಅಂತ. ನನಗೂ ಹಾಗೇ ಆಯ್ತು. ನಾಮಕರಣ, ಗೃಹಪ್ರವೇಶ, ಕರೆದಿದ್ದಕ್ಕೆಲ್ಲಾ ಹೋಗ್ತಿದ್ದೋಳು ಈಗ ಹೋಗಲ್ಲ. ಆದ್ರೆ ಆ ನಾಲ್ಕು ಜನರ ಭಾನುವಾರ ತಪ್ಪಿಸಲ್ಲ. ಇನ್ನು ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ, 2002ರಲ್ಲಿ ಅವರ ತಂಡ ತೋರಿಸಿದ್ದು, ವಯಸ್ಸಾಗೋದರ ಬಗ್ಗೆ ಒಳ್ಳೇ ಭಾವನೆ ಇರೋರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ರು ಅಂತ, ಅಮೆರಿಕದ ಒಹಾಯೋ ರಾಜ್ಯದ ಒಂದು ಊರಲ್ಲಿ ಐವತ್ತು ದಾಟಿದವರನ್ನ ಇಪ್ಪತ್ತಕ್ಕೂ ಹೆಚ್ಚು ವರ್ಷ ಗಮನಿಸಿ ಹೇಳಿದ್ದು. ಇದನ್ನ ಹಿಡ್ಕೊಂಡು ಪಾಸಿಟಿವ್ ಆಗಿರಿ, ಪಾಸಿಟಿವ್ ಆಗಿರಿ ಅಂತ ಫಾರ್ವರ್ಡ್ ಮಾಡೋರಿಗೆ ನನ್ನದೊಂದು ಮಾತು: ಮುಪ್ಪು ಅಂದ್ರೆ ಕೆಲಸಕ್ಕೆ ಬಾರದೇ ಹೋಗೋದು ಅಂತ ನಂಬದೇ ಇರೋದು ಬೇರೆ, ನೋವಾದ್ರೂ ನೋವಿಲ್ಲ ಅಂತ ನಟಿಸೋದು ಬೇರೆ. ಮೊದಲನೇದು ನನಗೂ ಬೇಕು. ಎರಡನೇದು ಮಾಡಿದಷ್ಟು ಕಾಲ ನನ್ನ ನಿದ್ದೆ ಹಾಳಾಯ್ತು.

ಕಳೆದುಕೊಂಡಿದ್ದನ್ನ ಒಪ್ಪಿಕೊಂಡ ಮೇಲೆ ಉಳಿದಿರೋದು ಏನು ಅಂತ ಕಾಣೋಕೆ ಶುರುವಾಗುತ್ತೆ, ಇದು ಅನುಭವದಿಂದ ಹೇಳ್ತೀನಿ. ಪ್ರತಿ ಆಷಾಢದಲ್ಲಿ ಬೆಳಗಿನ ಜಾವ ಎದ್ದು ಚಾಮುಂಡಿ ಬೆಟ್ಟ ಹತ್ತೋದು ನನಗೆ ಮದುವೆಗೆ ಮುಂಚಿನಿಂದ ಇದ್ದ ಅಭ್ಯಾಸ, ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲು, ಪ್ರತಿ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಡ್ತಾ ಬರೋ ಹೆಂಗಸರು, ಆ ಕತ್ತಲೆ, ಆ ಕರ್ಪೂರದ ವಾಸನೆ. ಮಂಡಿ ಸವೆದಿದೆ ಅಂತ ಎಕ್ಸ್‌ರೇ ಬಂದ ಮೇಲೆ ಡಾಕ್ಟರು ಬೇಡ ಅಂದ್ರು. ಒಂದು ವರ್ಷ ಹೋಗಲೇ ಇಲ್ಲ, ಆಷಾಢ ಶುಕ್ರವಾರ ಟೀವಿಯಲ್ಲಿ ತಾಯಿ ಅಲಂಕಾರ ನೋಡ್ತಾ ಕೂತಿದ್ದೆ, ಎದೆ ಭಾರ ಆಗಿತ್ತು. ಈಗ ನಂದಿವರೆಗೆ ಬಸ್ಸಲ್ಲೋ ಸ್ಕೂಟರಲ್ಲೋ ಹೋಗ್ತೀನಿ, ಅಲ್ಲಿ ಇಳಿದು ಆ ದೊಡ್ಡ ನಂದಿಗೆ ಒಂದು ಸುತ್ತು ಬಂದು ಕಟ್ಟೆ ಮೇಲೆ ಕೂತ್ಕೋತೀನಿ. ಹತ್ತುತ್ತಿದ್ದ ಕಾಲದಲ್ಲಿ ಮೇಲೆ ಮುಟ್ಟೋ ಅವಸರದಲ್ಲಿ ನಂದಿಗೆ ಕೈಮುಗಿದು ಓಡ್ತಿದ್ದೆ, ಅದರ ಕೊರಳ ಗಂಟೆ ಸರ, ಕಾಲ ಕೆಳಗಿನ ಕೆತ್ತನೆ, ಏನನ್ನೂ ನೋಡಿರಲಿಲ್ಲ. ಇದು ಹತ್ತೋದಕ್ಕೆ ಸಮ ಅಂತ ನಾನು ಹೇಳಲ್ಲ. ಸಮ ಅಲ್ಲ. ಹತ್ತೋದೇ ನನಗೆ ಇಷ್ಟ ಇತ್ತು. ಆದ್ರೆ ಇದೂ ಒಂದಿದೆ, ಇದೂ ನನ್ನದೇ.

ಹೊಸದಾಗಿ ಒಂದು ಕಲೀತಾ ಇದ್ದೀನಿ, ವೀಣೆ. ಬೀದಿ ತುದೀಲಿ ಒಬ್ಬರು ಹೇಳ್ಕೊಡ್ತಾರೆ, ನನ್ನ ಪಕ್ಕ ಕೂರೋಳು ಆರನೇ ಕ್ಲಾಸು. ನನ್ನ ಬೆರಳು ಮೊದಲಿನ ಹಾಗೆ ಬಗ್ಗಲ್ಲ, ಅವಳು ಎರಡು ವಾರಕ್ಕೆ ಕಲಿತಿದ್ದು ನನಗೆ ಎರಡು ತಿಂಗಳು. ಪರೀಕ್ಷೆ ಕಟ್ಟಲ್ಲ, ಸ್ಟೇಜ್ ಹತ್ತಲ್ಲ, ವಿಡಿಯೋ ಹಾಕಲ್ಲ. ಬದುಕಿನಲ್ಲಿ ಇಲ್ಲಿವರೆಗೆ ಕಲಿತಿದ್ದೆಲ್ಲಾ ಯಾವುದಕ್ಕಾದ್ರೂ ಬೇಕಾಗಿದ್ದಕ್ಕೆ ಕಲಿತಿದ್ದು, ಇದೊಂದು ಯಾವುದಕ್ಕೂ ಬೇಕಾಗಿಲ್ಲ. ಸಂಜೆ ಅಮ್ಮ ಪಕ್ಕದಲ್ಲಿ ಕೂತು ಕೇಳ್ತಾರೆ. ಸರಳೆ ವರಸೆ ತಾನೇ, ಆದ್ರೂ ಮಾಯಾಮಾಳವಗೌಳ ಕಿವಿಗೆ ಬಿದ್ದಾಗ ಅವರ ಬಾಯಲ್ಲಿ ಸ ರಿ ಗ ಮ ತಾನಾಗೇ ಬರುತ್ತೆ, ಚಿಕ್ಕೋಳಿದ್ದಾಗ ಕಲಿತಿದ್ರಂತೆ, ಅದು ಮರೆತಿಲ್ಲ.

ಕೊನೇದಾಗಿ ಗಂಡಸರ ಬಗ್ಗೆ ಹೇಳದಿದ್ರೆ ಅನ್ಯಾಯ ಆಗುತ್ತೆ. ನಮ್ಮ ಯಜಮಾನರು ರಾಜ್ಯ ಸರ್ಕಾರದ ನೌಕರಿ, ಮುಂದಿನ ವರ್ಷ ಅರವತ್ತಕ್ಕೆ ರಿಟೈರ್ಡ್. ಪಿಂಚಣಿ ಫೈಲು, ಸೇವಾ ಪುಸ್ತಕ, ಗಳಿಕೆ ರಜೆ, ಇದರ ಬಗ್ಗೆ ದಿನಾ ಮಾತಾಡ್ತಾರೆ, ಬೇರೆ ಏನೂ ಹೇಳಲ್ಲ. ಇತ್ತೀಚೆಗೆ ರಾತ್ರಿ ನಾನು ಎದ್ದಾಗ ಅವರೂ ಎದ್ದಿರೋದು ಗಮನಕ್ಕೆ ಬಂತು. ಒಂದು ರಾತ್ರಿ ಕೇಳಿದೆ, ಏನು ಯೋಚನೆ ಅಂತ. ಏನಿಲ್ಲ ಅಂದ್ರು. ಸುಮ್ಮನೆ ಕಾದೆ. ನನ್ನ ಸ್ನೇಹಿತೆಯರ ಹತ್ರ ಕಲಿತಿದ್ದು ಅದು, ಮೊದಲನೇ "ಏನಿಲ್ಲ" ಆದ ಮೇಲೆ ಕಾಯಬೇಕು. ಸ್ವಲ್ಪ ಹೊತ್ತು ಬಿಟ್ಟು ಕತ್ತಲಲ್ಲೇ ಹೇಳಿದ್ರು, "ನಮ್ಮಪ್ಪ ಹೋದಾಗ ಅವರಿಗೆ ಅರವತ್ತೊಂದು ಕಣೇ. ಇನ್ನೆರಡು ವರ್ಷ ಆದ್ರೆ ನಾನು ನಮ್ಮಪ್ಪನಿಗಿಂತ ದೊಡ್ಡೋನಾಗ್ತೀನಿ." ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅಪ್ಪನ ಸಾವಿನ ಬಗ್ಗೆ ನನ್ನ ಹತ್ರ ಮಾತಾಡಿರಲಿಲ್ಲ. ಏನೂ ಆಗಲ್ಲ ಬಿಡಿ ಅಂತ ನಾನು ಹೇಳಲಿಲ್ಲ. ಅಪ್ಪ ಹೇಗಿದ್ರು, ಕೊನೇ ವರ್ಷ ಏನು ಮಾಡ್ತಿದ್ರು, ಏನು ತಿಂತಿದ್ರು ಅಂತ ಕೇಳಿದೆ. ನೆನಪಿದ್ದಷ್ಟು ಹೇಳಿದ್ರು, ಅವರಾಗ ಕೆಲಸದ ಮೇಲೆ ಬೀದರಲ್ಲಿ ಇದ್ರು, ಅಪ್ಪನ ಕೊನೇ ವರ್ಷದ್ದು ಅವರಿಗೆ ಜಾಸ್ತಿ ಗೊತ್ತಿಲ್ಲ, ಅದೇ ಅವರಿಗೆ ನೋವು. ಅವರಕ್ಕನಿಗೆ ಎಲ್ಲಾ ಗೊತ್ತಿದೆ, ಅಪ್ಪನ್ನ ನೋಡ್ಕೊಂಡಿದ್ದು ಅವರೇ, ಈಗ ಚನ್ನರಾಯಪಟ್ಟಣದಲ್ಲಿ ಮಗನ ಮನೇಲಿದ್ದಾರೆ. ದಸರಾ ರಜೆಗೆ ಅಮ್ಮನನ್ನ ನೋಡ್ಕೊಳ್ಳೋಕೆ ಮಗಳು ಬರ್ತಾಳೆ, ನಾವಿಬ್ಬರೂ ಹೋಗಿ ಎರಡು ದಿನ ಅಕ್ಕನ ಜೊತೆ ಇದ್ದು, ಕೇಳ್ಕೊಂಡು ಬರೋಣ ಅಂತ ಮಾತಾಡ್ಕೊಂಡಿದ್ದೀವಿ. ಫೋನ್ ಮಾಡಿ ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಬನ್ನಿ, ಹೇಳೋದು ತುಂಬಾ ಇದೆ, ಇಷ್ಟು ವರ್ಷ ಯಾರೂ ಕೇಳಲೇ ಇಲ್ಲ" ಅಂದ್ರು.